ಗಿಡಕ್ಕೂ ಒಂದು ತವರೂರಿದೆ



ಕಳೆದ ರಜೆಯಲ್ಲಿ ಮಕ್ಕಳೊಂದಿಗೆ ಕೆಮ್ಮಣ್ಣುಗುಂಡಿಗೆ ಹೋಗಿದ್ದೆವು. ತರೀಕೆರೆಯಿಂದ ಲಿಂಗದಹಳ್ಳಿ ದಾಟಿ ಘಾಟಿ ಹತ್ತುವಾಗ ರಸ್ತೆಯ ಬದಿಯಲ್ಲಿ ಕೆಂಪು, ಹಳದಿ ಬಣ್ಣದ ಪುಟ್ಟ ಹೂಗೊಂಚಲುಗಳು. "ಅಮ್ಮೀ, ಒಂದು ಕಡ್ಡಿ ಮುರಿದುಕೊಂಡು ಹೋಗಿ ಮನೇಲಿ ನೆಡೋಣ" ಎಂದಳು ಮಗಳು. ನಾನೂ ಕೈಚಾಚಿದೆ. ಜೊತೆಗಿದ್ದ ಅಜ್ಜಂಪುರದ ಚಾಚಾ ತಡೆದರು. "ಬೇಡ ಬೇಟಿ, ಇದು ದನ ಮುಟ್ಟದ ಗಿಡ. ಹಬ್ಬಿದಲ್ಲಿ ಹುಲ್ಲನ್ನೂ ಉಳಿಸುವುದಿಲ್ಲ."

ಅದು ಲಂಟಾನ. ಅಮೆರಿಕ ಖಂಡದ ಈ ಗಿಡವನ್ನು ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ ಬ್ರಿಟಿಷರು ಅಂದಕ್ಕೆಂದು ಕಲ್ಕತ್ತದ ಸಸ್ಯೋದ್ಯಾನಕ್ಕೆ ತಂದರು. ಹಣ್ಣು ತಿಂದ ಹಕ್ಕಿಗಳು ಬೀಜವನ್ನು ದೇಶವಿಡೀ ಹರಡಿದವು. ಇಂದು ಭದ್ರಾ ಅಭಯಾರಣ್ಯದಲ್ಲೂ ಅದರ ಪೊದೆಗಳಿವೆ. ಕಾಡಿನ ಹುಲ್ಲು ಕಡಿಮೆಯಾದರೆ ಜಿಂಕೆ, ಆನೆಗಳು ರೈತನ ಹೊಲಕ್ಕೆ ಬಾರದೆ ಇನ್ನೆಲ್ಲಿಗೆ ಹೋಗಬೇಕು?

ಹೊರಗಿನಿಂದ ಬಂದ ಗಿಡಗಳೆಲ್ಲ ಕೆಟ್ಟವು ಎಂದಲ್ಲ. ಬಾಬಾ ಬುಡನ್ ಅವರು ಯೆಮನ್‌ನಿಂದ ಏಳು ಬೀಜ ತಂದರೆಂದು ಹೇಳುವ ಕಾಫಿ, ಇದೇ ಬೆಟ್ಟಸಾಲಿನಲ್ಲಿ ನೆಲೆಯೂರಿ ಸಾವಿರಾರು ಮನೆಗಳಿಗೆ ಅನ್ನ ಕೊಟ್ಟಿದೆ. ಆದರೆ ಆ ಕಾಫಿಗೂ ನೆರಳು ಕೊಟ್ಟದ್ದು ಇಲ್ಲಿನ ಕಾಡುಮರಗಳು.

ಕೆಮ್ಮಣ್ಣುಗುಂಡಿಯನ್ನು ನಾಲ್ವಡಿ ಕೃಷ್ಣರಾಜ ಒಡೆಯರು ತೋಟಗಾರಿಕೆ ಇಲಾಖೆಗೆ ವಹಿಸಿದರು. ನಾವು ಗುಲಾಬಿ ತೋಟದ ಮುಂದೆ ಫೋಟೋ ತೆಗೆಸಿಕೊಂಡು ಮರಳುತ್ತೇವೆ. ಸುತ್ತಲ ಕಣಿವೆಯ ಶೋಲಾ ಕಾಡನ್ನು ನೋಡುವವರು ಕಡಿಮೆ. ಸಸ್ಯೋದ್ಯಾನವೆಂದರೆ ಬರೀ ಹೂದೋಟವಲ್ಲ. ಊರಿನ ಗಿಡಗಳನ್ನು ಗುರುತಿಸುವುದು, ಅವುಗಳ ಬೀಜ ಮೊಳೆಯುವ ಬಗೆಯನ್ನು ಅರಿಯುವುದು, ಸಸಿ ಮಾಡಿ ಮತ್ತೆ ಕಾಡಿಗೆ ಸೇರಿಸುವುದು ಅದರ ದೊಡ್ಡ ಕೆಲಸ. ಮಳೆಕಾಡಿನ ಎಷ್ಟೋ ಮರಗಳ ಬೀಜ ಒಣಗಿದರೆ ಸತ್ತುಹೋಗುತ್ತದೆ. ರಾಗಿಯಂತೆ ಡಬ್ಬಿಯಲ್ಲಿ ತುಂಬಿಡಲಾಗದು. ಬದುಕಿರುವ ಮರವೇ ಅದರ ಉಗ್ರಾಣ. ಮರ ಹೋದರೆ ಎಲ್ಲವೂ ಹೋದಂತೆ.

ಗುರುತಿಸುವ ಕೆಲಸವೂ ಸುಲಭವಲ್ಲ. ಯೋಗನರಸಿಂಹನ್, ಸುಬ್ರಹ್ಮಣ್ಯಂ ಮತ್ತು ಬಿ.ಎ. ರಝಿ ಎಂಬ ಮೂವರು ಸಸ್ಯವಿಜ್ಞಾನಿಗಳು ನಮ್ಮ ಚಿಕ್ಕಮಗಳೂರು ಜಿಲ್ಲೆಯ ಗಿಡಮರಗಳ ಬಗ್ಗೆಯೇ ಇಂಗ್ಲಿಷಿನಲ್ಲಿ ಒಂದು ಗ್ರಂಥ ಬರೆದಿದ್ದಾರೆ. ನಮ್ಮ ಹಿತ್ತಲಿನ ಗಿಡದ ಹೆಸರಾದರೂ ನಮಗೆ ಗೊತ್ತೇ?

2022ರಲ್ಲಿ ಬಾಬಾ ಬುಡನ್‌ಗಿರಿ, ಮುಳ್ಳಯ್ಯನಗಿರಿಗಳಲ್ಲಿ ನೀಲಕುರಿಂಜಿ ಅರಳಿದಾಗ ಜನಸಾಗರವೇ ಹರಿದು ಬಂತು. ಹನ್ನೆರಡು ವರ್ಷಕ್ಕೊಮ್ಮೆ ಹೂಬಿಟ್ಟು, ಬೀಜ ಉದುರಿಸಿ ಸಾಯುವ ಗಿಡವದು. ನಾವು ಕಿತ್ತು ಮುಡಿದ ಹೂವಿನಲ್ಲಿ ಬೀಜ ಕಟ್ಟುವುದಿಲ್ಲ. ಒಂದು ಗಳಿಗೆಯ ಆಸೆಗೆ ಒಂದು ಪೀಳಿಗೆಯ ನಷ್ಟ.

ಕಡೂರಿನ ಬಯಲಿನಲ್ಲಿರುವ ನಮಗೆ ಕಾಡು ಬೆಳೆಸಲು ಆಗದಿರಬಹುದು. ಆದರೆ ಹಿತ್ತಲಲ್ಲಿ ತುಂಬೆ, ಒಂದೆಲಗ, ಅಮೃತಬಳ್ಳಿಗೆ ಒಂದು ಮೂಲೆ ಕೊಡಬಹುದು. ಬೇಲಿಯಂಚಿಗೆ ಹೊಂಗೆ, ನೇರಳೆ ನೆಡಬಹುದು. ಅಂದದ ಹೊಸ ಗಿಡ ತರುವ ಮೊದಲು ಅದರ ಊರು ಯಾವುದು, ಸ್ವಭಾವ ಎಂಥದ್ದು ಎಂದು ವಿಚಾರಿಸಬಹುದು. ಮನೆಗೆ ಸೊಸೆ ತರುವಾಗ ವಿಚಾರಿಸುವುದಿಲ್ಲವೇ?

ಅಂದು ಮಗಳು ಬರಿಗೈಯಲ್ಲಿ ಬಂದಳು. ಮರುವಾರ ಚಾಚಾ ಅಜ್ಜಂಪುರದಿಂದ ಒಂದು ಹಿಡಿ ಹೊಂಗೆ ಬೀಜ ಕಳಿಸಿದ್ದರು. ಮೂರು ಮೊಳೆತಿವೆ. ದಿನವೂ ನೀರು ಹಾಕುವುದು ಅವಳದೇ ಕೆಲಸ.