ಗುಟ್ಟು ಕಾಯುವ ಪ್ರೇಕ್ಷಕ

ರಹಸ್ಯಮಯ ಚಿತ್ರಗಳನ್ನು ತೆಗೆಯುವವರ ಹೊಣೆಯ ಬಗ್ಗೆ ಬರೆಯುವವರು ಅನೇಕರು. ನೋಡುವವರ ಹೊಣೆಯ ಬಗ್ಗೆ ಬರೆಯುವವರು ವಿರಳ. ಆ ಕುರಿತು ನನ್ನ ಅಭಿಪ್ರಾಯವನ್ನು ವಾಚಕ ಮಿತ್ರರ ಮುಂದಿಡುವ ಮೊದಲು ನನ್ನ ತಪ್ಪನ್ನೇ ಒಪ್ಪಿಕೊಳ್ಳುತ್ತೇನೆ.

ನನ್ನ ಸೋದರಮಾವ ಬಬಲೇಶ್ವರದ ಕಡೆಯ ರೈತರು. ದ್ರಾಕ್ಷಿಯ ಸುಗ್ಗಿ ಮುಗಿದ ಮೇಲೆ ವರ್ಷಕ್ಕೊಮ್ಮೆ ವಿಜಯಪುರಕ್ಕೆ ಹೋಗಿ ಚಿತ್ರವೊಂದನ್ನು ನೋಡುವುದು ಅವರ ರೂಢಿ. ಒಂದು ಸಲ ಅವರು ನೋಡಬೇಕೆಂದಿದ್ದ ಪತ್ತೇದಾರಿ ಚಿತ್ರವನ್ನು ನಾನು ಮುನ್ನಾದಿನವೇ ನೋಡಿಬಂದಿದ್ದೆ. ತಿಕೋಟಾದ ನಮ್ಮ ಮನೆಯ ಕಟ್ಟೆಯ ಮೇಲೆ ಕುಳಿತು, ಜಾಣತನ ತೋರಿಸುವ ಚಪಲದಿಂದ, ಕೊಲೆಗಾರ ಯಾರೆಂದು ಹೇಳಿಬಿಟ್ಟೆ. ಮರುದಿನ ರಾತ್ರಿ ಮಾವ ತಿರುಗಿ ಬಂದು ಒಂದೇ ಮಾತು ಹೇಳಿದರು: “ಅಳಿಯಾ, ಎರಡೂವರಿ ತಾಸು ಸುಮ್ನ ಕುಂತು ಬಂದೆ ನೋಡಪಾ.” ಅವರ ವರ್ಷದ ಏಕೈಕ ಚಿತ್ರವನ್ನು ನಾನು ಕಸಿದುಕೊಂಡಿದ್ದೆ.

ಇಂಥ ಚಿತ್ರಗಳನ್ನು ಕಟ್ಟುವುದು ಸುಲಭವಲ್ಲ. 2013ರ ‘ಲೂಸಿಯಾ’ಕ್ಕೆ ನಿರ್ಮಾಪಕರು ದೊರೆಯದೆ, ನಿರ್ದೇಶಕ ಪವನ್ ಕುಮಾರ್ ಅವರು ಜನಸಾಮಾನ್ಯರಿಂದಲೇ ಸುಮಾರು 50 ಲಕ್ಷ ರೂಪಾಯಿ ಕೂಡಿಸಿದರು. 2016ರ ಅವರ ‘ಯು ಟರ್ನ್’ ಬೆಂಗಳೂರಿನ ಮೇಲ್ಸೇತುವೆಯೊಂದರ ಮೇಲೆ ಸವಾರರು ಕಲ್ಲು ಸರಿಸಿ ವಾಹನ ತಿರುಗಿಸುವ ನಿತ್ಯದ ಅಶಿಸ್ತಿನಿಂದ ಹುಟ್ಟಿದ ಕಥೆ. (ಮುಂದಿನದನ್ನು ನಾನು ಹೇಳಲಾರೆ!) ಸುಳಿವುಗಳನ್ನು ಮೊದಲೇ ಬಿತ್ತಿ, ಪ್ರೇಕ್ಷಕನಿಗೆ ಮೋಸಮಾಡದೆ, ಕೊನೆಯವರೆಗೆ ಕುತೂಹಲ ಕಾಯುವುದು ವರ್ಷಗಳ ದುಡಿಮೆ. ಅದನ್ನು ಕೆಡಿಸಲು ಒಂದು ವಾಕ್ಯ ಸಾಕು.

ಆದರೆ ಇಂಥ ಚಿತ್ರವನ್ನು ಉಳಿಸುವುದೂ ಪ್ರೇಕ್ಷಕನ ಬಾಯಿಯೇ ಎಂಬುದನ್ನು ಮರೆಯಲಾಗದು. ಅನೂಪ್ ಭಂಡಾರಿಯವರ ಮೊದಲ ಚಿತ್ರ ‘ರಂಗಿತರಂಗ’ 2015ರ ಜುಲೈ 3ರಂದು ತೆರೆಕಂಡಿತು. ಒಂದೇ ವಾರದಲ್ಲಿ ‘ಬಾಹುಬಲಿ’ಯಂಥ ಭಾರಿ ಚಿತ್ರ ಎದುರಾಗಿ, ಪ್ರದರ್ಶನಗಳು ಕಡಿತಗೊಂಡಾಗ ಕನ್ನಡಿಗರು ಪ್ರತಿಭಟಿಸಿದರು. ನೋಡಿದವರು “ನೀವೂ ನೋಡಿರಿ” ಎಂದು ಒಬ್ಬರಿಗೊಬ್ಬರು ಹೇಳಿದ್ದರಿಂದಲೇ ಚಿತ್ರ ತಿಂಗಳುಗಟ್ಟಲೆ ಓಡಿತು. “ನೋಡಿರಿ” ಎಂದರು, ಏನಾಯಿತೆಂದು ಹೇಳಿಕೊಂಡು ತಿರುಗಿದ್ದರೆ ಆ ಓಟವೆಲ್ಲಿ?

ಗುಟ್ಟು ತಿಳಿದರೆ ಸತ್ತುಹೋಗುವ ಚಿತ್ರ ಒಳ್ಳೆಯ ಚಿತ್ರವೇ ಎಂದು ನನ್ನ ಸಹಪಾಠಿಗಳು ವಾದಿಸುತ್ತಾರೆ. ಒಳ್ಳೆಯ ಚಿತ್ರ ಎರಡನೆಯ ನೋಟಕ್ಕೂ ರುಚಿಸುವುದು ನಿಜ. ಆದರೆ ಎರಡನೆಯ ನೋಟ ನನ್ನ ಮಾವನಂಥವರಿಗೆ ಎಲ್ಲಿಯದು? ಟಿಕೀಟು ಕೊಂಡ ಪ್ರತಿಯೊಬ್ಬನಿಗೂ ಮೊದಲ ನೋಟದ ಬೆರಗು ಸಲ್ಲಬೇಕು.

ನಮ್ಮ ಗೋಳಗುಮ್ಮಟದ ಪಿಸುಮಾತಿನ ಗ್ಯಾಲರಿಯನ್ನು ನೆನೆಯಿರಿ. ಒಂದು ಬದಿಯ ಗೋಡೆಗೆ ಬಾಯಿಟ್ಟು ಪಿಸುಗುಟ್ಟಿದರೆ ಎದುರು ಬದಿಯವನಿಗೆ ಸ್ಪಷ್ಟವಾಗಿ ಕೇಳುತ್ತದೆ. ಆದರೆ ಬಂದವರೆಲ್ಲ ಕೂಗಿ, ಚಪ್ಪಾಳೆ ತಟ್ಟುವುದರಿಂದ ಆ ಸೋಜಿಗ ಯಾರಿಗೂ ದಕ್ಕದೆ ಹೋಗುತ್ತದೆ. ರಹಸ್ಯಚಿತ್ರವೂ ಅಂಥದೇ ಪಿಸುಮಾತು. ಈಗ ಅಂಗೈಯ ಫೋನಿನಿಂದ ಒಬ್ಬನ ಕೂಗು ಕ್ಷಣದಲ್ಲಿ ಸಾವಿರ ಮನೆಗಳನ್ನು ಮುಟ್ಟುತ್ತದೆ. ಆದುದರಿಂದ ಮಿತ್ರರೇ, ಚಿತ್ರವನ್ನು ಮನಸಾರೆ ಹೊಗಳಿರಿ, ತೆಗಳಿರಿ; ಗುಟ್ಟನ್ನು ಮಾತ್ರ ಮುಂದಿನವನಿಗಾಗಿ ಬಿಟ್ಟುಬನ್ನಿ.