ಗುಳಿಗೆ ತಪ್ಪದಿರಲಿ

ಮನೆಯಲ್ಲೊಬ್ಬರಿಗೆ ಸ್ಕಿಜೋಫ್ರೀನಿಯಾ ಎಂದು ವೈದ್ಯರು ಹೇಳಿದರೆ ಆ ಮಾತು ಹೊಸಿಲು ದಾಟುವುದಿಲ್ಲ. ನಾಸಿಕ, ಛತ್ರಪತಿ ಸಂಭಾಜಿನಗರಗಳಲ್ಲಿ ನೆಲಸಿದ ನಮ್ಮವರಿಗಂತೂ ಊರೂ ದೂರ, ಬಂಧುಬಳಗವೂ ದೂರ. ಬೆಳೆದ ಮಗ ಕೈಯೆತ್ತಿದನೆಂದು ತಾಯಿ ಯಾರಲ್ಲಿ ಹೇಳಿಕೊಂಡಾಳು? ಅಂಥ ಮನೆಗಳಿಗಾಗಿಯೇ ಈ ಸಲ ನಾಲ್ಕು ಮಾತು ಬರೆಯುತ್ತೇವೆ.

ಈ ಕಾಯಿಲೆಯವರೆಲ್ಲ ಹೊಡೆಯುವವರಲ್ಲ. ಹೆಚ್ಚಿನವರು ಯಾರ ತಂಟೆಗೂ ಹೋಗರು. ತನ್ನನ್ನು ಕೊಲ್ಲಬಂದಿದ್ದಾರೆಂಬ ಭ್ರಮೆ, ಕಿವಿಯಲ್ಲಿ ಬಯ್ಯುವ ಧ್ವನಿ, ಇವುಗಳಿಗೆ ಹೆದರಿ ಕೆಲವರು ಕೈಮಾಡುತ್ತಾರೆ. ಕುಡಿತ ಸೇರಿದರೆ ಅಪಾಯ ಇನ್ನೂ ಹೆಚ್ಚು. ಔಷಧವು ಭ್ರಮೆಯನ್ನು ತಗ್ಗಿಸುತ್ತದೆ. ಭಯ ಇಳಿದಂತೆ ಸಿಟ್ಟೂ ಇಳಿಯುತ್ತದೆ. ಬರಿಯ ಮಂಪರು ತರಿಸುವುದು ಅದರ ಉದ್ದೇಶವಲ್ಲ.

1931ರಲ್ಲಿಯೇ ಗಣನಾಥ ಸೇನ್, ಕಾರ್ತಿಕಚಂದ್ರ ಬೋಸ್ ಎಂಬ ವೈದ್ಯರು ಉದ್ರೇಕದ ಹುಚ್ಚಿಗೆ ನಮ್ಮ ಸರ್ಪಗಂಧದ ಬೇರು ಉಪಯುಕ್ತವೆಂದು ಬರೆದಿದ್ದರು. 1952ರಲ್ಲಿ ಪ್ಯಾರಿಸಿನಲ್ಲಿ ಕ್ಲೋರ್‌ಪ್ರೊಮಝೀನ್ ಬಳಕೆಗೆ ಬಂತು. ಸ್ವೀಡನ್ನಿನಲ್ಲಿ ಮಾನಸಿಕ ಔಷಧ ಪಡೆದ 82,647 ಜನರ ದಾಖಲೆಗಳನ್ನು ಪರಿಶೀಲಿಸಿ 2014ರಲ್ಲಿ ಪ್ರಕಟಿಸಿದ ವರದಿಯಂತೆ, ಭ್ರಮೆಯನ್ನು ತಡೆಯುವ ಔಷಧ ನಡೆಯುತ್ತಿದ್ದ ಅವಧಿಯಲ್ಲಿ ಹಿಂಸೆಯ ಅಪರಾಧಗಳು ಶೇಕಡಾ 45ರಷ್ಟು ಕಡಿಮೆಯಿದ್ದವು. ಎರಡು ಔಷಧಗಳಿಂದಲೂ ಗುಣ ಕಾಣದಿದ್ದರೆ ವೈದ್ಯರು ಕ್ಲೋಝಪೀನ್ ಕೊಡಬಹುದು. ಉಗ್ರತೆ ತಗ್ಗಿಸುವುದರಲ್ಲಿ ಅದು ಎತ್ತಿದ ಕೈ. ಆದರೆ ರಕ್ತದ ಬಿಳಿಕಣಗಳು ಕುಸಿಯುವ ಭಯವಿರುವುದರಿಂದ ರಕ್ತಪರೀಕ್ಷೆಯನ್ನು ಮಾತ್ರ ತಪ್ಪಿಸಬಾರದು.

ಮನೆಯವರು ಎಡವುವುದೆಲ್ಲಿ? "ಈಗ ಚೆನ್ನಾಗಿದ್ದಾನಲ್ಲ, ಗುಳಿಗೆ ಏಕೆ?" ಎಂಬಲ್ಲಿ. ಚೆನ್ನಾಗಿರುವುದು ಗುಳಿಗೆಯಿಂದಲೇ ಎಂಬುದನ್ನು ಮರೆಯುತ್ತೇವೆ. ಜಾತ್ರೆಗೋ ಮದುವೆಗೋ ಊರಿಗೆ ಹೊರಟಾಗ ಔಷಧ ಮುಗಿದುಹೋಗುವುದೂ ಉಂಟು. ಹೊರಡುವ ಮೊದಲೇ ದಿನಗಳನ್ನೆಣಿಸಿ ಗುಳಿಗೆಯನ್ನೂ ವೈದ್ಯರ ಚೀಟಿಯನ್ನೂ ಕಟ್ಟಿಕೊಳ್ಳಿ. ದಿನವೂ ನುಂಗಲೊಲ್ಲದವರಿಗೆ ವಾರಗಟ್ಟಲೆ ಕೆಲಸಮಾಡುವ ಚುಚ್ಚುಮದ್ದೂ ಇದೆ, ವೈದ್ಯರನ್ನು ಕೇಳಿ. ಸರಪಳಿಯಿಂದ ಕಟ್ಟುವುದನ್ನು 2017ರ ಕಾಯಿದೆ ನಿಷೇಧಿಸಿದೆ. ಕೈಮೀರಿದಾಗ ವಾದಕ್ಕಿಳಿಯದೆ, ಮಕ್ಕಳನ್ನು ದೂರ ಕಳುಹಿಸಿ, 112ಕ್ಕೆ ಫೋನ್ ಮಾಡಿ.

ಬಳ್ಳಾರಿ ಜಿಲ್ಲೆಯಲ್ಲಿ 1985ರಿಂದ ಬೆಂಗಳೂರಿನ ನಿಮ್ಹಾನ್ಸ್ ಮಾಡಿ ತೋರಿಸಿದ ಮಾದರಿಯ ಮೇಲೆ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಹುಟ್ಟಿತು. ನಾಸಿಕದವರು ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಬಹುದು; ಸಂಭಾಜಿನಗರದವರಿಗೆ ಘಾಟಿ ಆಸ್ಪತ್ರೆಯ ಮನೋರೋಗ ವಿಭಾಗವಿದೆ. 14416ಕ್ಕೆ ಫೋನ್ ಮಾಡಿದರೆ ಟೆಲಿ-ಮಾನಸ್‌ನಲ್ಲಿ ಕನ್ನಡದಲ್ಲಿಯೇ ಮಾತನಾಡಬಹುದು.

ಇನ್ನೊಂದು ಮಾತು. ಮಗನ ರಾತ್ರಿಗಳನ್ನು ಬಲ್ಲವಳು ತಾಯಿ. ಆಕೆಗೆ ಮರಾಠಿ ಬಾರದಿದ್ದರೆ ವೈದ್ಯರಿಗೆ ತಿಳಿಯುವುದು ಅರ್ಧ ಕಥೆಯೇ. ಎರಡೂ ಭಾಷೆ ಬಲ್ಲ ನಮ್ಮ ಸದಸ್ಯರೊಬ್ಬರು ಪಕ್ಕದಲ್ಲಿ ಕುಳಿತು ಆ ಮಾತನ್ನು ದಾಟಿಸಲಿ, ಕೇಳಿದ್ದನ್ನು ಅಲ್ಲಿಯೇ ಬಿಟ್ಟುಬರಲಿ. ಸಂಘವೆಂದು ಕಟ್ಟಿಕೊಂಡಿರುವುದು ಇಂಥದಕ್ಕಲ್ಲದೆ ಮತ್ತಾವುದಕ್ಕೆ?