ಕರೆಂಟು ಸುಟ್ಟಿತಂತೆ!

ಹಾಸ್ಟೆಲ್ಲಿನ ಗೆಳೆಯರೇ,

ಹಂಗೇರಿ ದೇಶದಲ್ಲಿ ತಾತಾರ್‌ಸೆಂಟ್‌ಗ್ಯೋರ್ಗಿ ಅಂತ ಒಂದು ಹಳ್ಳಿ. ಹೆಸರು ನಾಲಿಗೆಗೆ ತಿರುಗೊಲ್ಲ, ಆದರೆ ಊರಿನ ನಕ್ಷೆ ನಮಗೆ ಗೊತ್ತಿರೋದೇ. ಊರಂಚಿಗೆ ರೋಮಾ ಜನರ ಮನೆಗಳು. 2009ರ ಫೆಬ್ರವರಿ 23ರ ರಾತ್ರಿ ಅಲ್ಲಿನ ಒಂದು ಮನೆಗೆ ಪೆಟ್ರೋಲ್ ಬಾಂಬ್ ಎಸೆದರು. ಉರಿಯಿಂದ ತಪ್ಪಿಸಿಕೊಳ್ಳಲು ಮಗನ ಜೊತೆ ಹೊರಗೆ ಓಡಿಬಂದ ಅಪ್ಪನಿಗಾಗಿ ಕತ್ತಲಲ್ಲಿ ಬಂದೂಕು ಕಾದಿತ್ತು. ಅಪ್ಪನೂ ಸತ್ತ, ನಾಲ್ಕೈದು ವರ್ಷದ ಮಗನೂ ಸತ್ತ.

ಬಂದ ಪೊಲೀಸರು ಮೊದಲು ಹೇಳಿದ್ದೇನು ಗೊತ್ತೆ? ಕರೆಂಟಿನ ದೋಷದಿಂದ ಬೆಂಕಿ ಹತ್ತಿತಂತೆ! ಹೆಣದ ಮೈಮೇಲೆ ಗುಂಡಿನ ಗಾಯಗಳಿದ್ದವು.

2008–09ರಲ್ಲಿ ಆ ಗುಂಪು ಆರು ಜನರನ್ನು ಕೊಂದಿತು. 2013ರಲ್ಲಿ ಮೂವರಿಗೆ ಜೀವಾವಧಿ, ಕಾರು ಓಡಿಸಿದವನಿಗೆ 13 ವರ್ಷ ಶಿಕ್ಷೆಯಾಯಿತು. ಆಗಲಿ. ಆದರೆ ಕೊಂದವರು ನಾಲ್ಕೇ ಜನ ಅಂತ ಲೆಕ್ಕ ಮುಗಿಸೋಕೆ ನಾವು ಒಪ್ಪೊಲ್ಲ. ಗಾಯ ಕಣ್ಣೆದುರಿಗಿದ್ದರೂ ಕಾಣದ ಆ ಅಸಡ್ಡೆ ಇದೆಯಲ್ಲ, ಅದು ಇಲ್ಲದಿದ್ದರೆ ಬಂದೂಕಿಗೆ ಅಷ್ಟು ಧೈರ್ಯ ಎಲ್ಲಿಂದ ಬರುತ್ತಿತ್ತು?

ರೋಮಾ ಜನ ಸುಮಾರು ಸಾವಿರ ವರ್ಷದ ಹಿಂದೆ ಉತ್ತರ ಭಾರತದಿಂದ ಹೊರಟುಹೋದವರು. ಈಗಲೂ ಅವರ ಮಾತಲ್ಲಿ ನೀರು ಪಾನಿ, ಮೂಗು ನಾಕ್, ಮನುಷ್ಯ ಮನುಷ್. ಇದನ್ನು ಕೇಳಿದ ಕೂಡಲೆ ಕೆಲವರು 'ನಮ್ಮ ರಕ್ತ' ಅಂತ ಎದೆ ತಟ್ಟಿಕೊಳ್ತಾರೆ. ನಮಗದು ಬೇಡ. ರಕ್ತ ನೋಡಿ ಮರುಗೋದಾದರೆ, ರಕ್ತ ನೋಡಿ ಗುಂಡು ಹೊಡೆದವನನ್ನು ಯಾವ ಬಾಯಲ್ಲಿ ಬಯ್ಯೋಣ?

ಅಸಡ್ಡೆ ಶಾಲೆಯಲ್ಲೇ ಶುರುವಾಗುತ್ತೆ. ಚೆಕ್ ದೇಶದ ಆಸ್ಟ್ರಾವಾ ಪಟ್ಟಣದಲ್ಲಿ 1996ರಿಂದ 1999ರವರೆಗೆ ರೋಮಾ ಮಕ್ಕಳನ್ನು ಬುದ್ಧಿಮಾಂದ್ಯರ ಶಾಲೆಗೆ ತಳ್ಳಿದರು. 18 ಮಕ್ಕಳ ಪರವಾಗಿ ಕೇಸು ಸ್ಟ್ರಾಸ್‌ಬರ್ಗಿನ ಮಾನವ ಹಕ್ಕುಗಳ ಕೋರ್ಟಿನವರೆಗೆ ಹೋಯಿತು. ಸರ್ಕಾರದ ವಾದ ಕೇಳಿ: ಅಪ್ಪ ಅಮ್ಮಂದಿರೇ ಒಪ್ಪಿ ಸಹಿ ಮಾಡಿದ್ದಾರಲ್ಲ! ಮೊದಲೇ ಅಚ್ಚಾಗಿದ್ದ ಫಾರಂಗೆ ಮಾಡಿಸಿಕೊಂಡ ಸಹಿ ಅದು. ಓದಲು ಬಾರದ ಫಾರಂಗೆ ನಮ್ಮಪ್ಪಂದಿರೂ ಹೆಬ್ಬೆಟ್ಟು ಒತ್ತಿದವರೇ, ಆ ಒಪ್ಪಿಗೆಯ ಬೆಲೆ ನಮಗೆ ಹೇಳಬೇಕಾಗಿಲ್ಲ. 2007ರ ನವೆಂಬರ್ 13ರಂದು ಕೋರ್ಟು ಆ ವಾದ ತಳ್ಳಿಹಾಕಿ, ಇದು ತಾರತಮ್ಯ ಎಂದಿತು.

ಆ ರಾತ್ರಿ ಸತ್ತ ಹುಡುಗ ಬದುಕಿದ್ದರೆ ಈಗ ನಮ್ಮ ವಾರಿಗೆಯವನು. ಯಾವುದೋ ಕಾಲೇಜಿನ ಕಿಟಕಿ ಮುಂದೆ ನಿಂತು ತನ್ನ ಫಾರಂಗೆ ತಾನೇ ಸಹಿ ಹಾಕುತ್ತಿದ್ದನೇನೋ.